ನಮ್ಮ ಮನೆಯ ಮೂಗು

ನನಗೆ ವಾಸನೆ ಗೊತ್ತಾಗುವುದಿಲ್ಲ. ಮೂಗಿನ ಹತ್ತಿರ ಹೂವು ಹಿಡಿದರೂ ಅಷ್ಟೇ, ಸತ್ತ ಹೆಗ್ಗಣ ಹಿಡಿದರೂ ಅಷ್ಟೇ. ಯಾವಾಗ ಹೋಯಿತು ಎಂದು ಕೇಳಿದರೆ ಹೇಳಲಾರೆ. ಕೈ ಮುರಿದರೆ ಮುರಿದ ದಿನ ನೆನಪಿರುತ್ತದೆ. ಮೂಗು ಸತ್ತರೆ ಅದರ ಒಡತಿಗೂ ಸುದ್ದಿ ಬರುವುದಿಲ್ಲ. ಚರಂಡಿಗೆ ಇಳಿದ ಹೊಸದರಲ್ಲಿ ತುತ್ತು ಗಂಟಲಿಗೆ ಇಳಿಯುತ್ತಿರಲಿಲ್ಲ. ಆಮೇಲೆ ಇಳಿಯಿತು. ನಾನು ಅದನ್ನೇ ಪುಣ್ಯ ಎಂದುಕೊಂಡೆ.

ನನ್ನ ಅತ್ತೆಗೂ ಹೀಗೆಯೇ. ಅವಳದೂ ಅದೇ ಚರಂಡಿ, ಅದೇ ಬಕೆಟ್ಟು. ನಮ್ಮ ಓಣಿಯಲ್ಲಿ ದುಡಿಯುವ ಯಾರನ್ನು ಕೇಳಿದರೂ ಇದೇ ಕಥೆ. ಊರಿನ ಕೊಳೆಯೆಲ್ಲ ಹರಿದು ಬಂದು ನಿಲ್ಲುವ ಕಡೆ ನಮ್ಮ ಓಣಿ ಇದೆ. ಓಣಿ ಮೊದಲೋ ಕೊಳೆ ಮೊದಲೋ ಎಂದು ಮಗಳು ಒಮ್ಮೆ ಕೇಳಿದ್ದಳು. ಅತ್ತೆ, "ಮೊದಲು ನಾವು ಬಂದ್ವಿ. ನಮ್ಮ ವಿಳಾಸ ಕೇಳ್ಕೊಂಡು ಅದು ಬಂತು" ಎಂದಳು.

ನಮ್ಮ ಮನೆಯಲ್ಲಿ ಮೂಗಿದ್ದದ್ದು ಮಗಳೊಬ್ಬಳಿಗೇ.

ಎಂಥ ಮೂಗು ಅದು! ಹಾಲು ಒಡೆಯುವ ಮುಂಚೆಯೇ, "ಅಮ್ಮ, ಇದು ಸಂಜೆವರೆಗೂ ನಿಲ್ಲಲ್ಲ, ಈಗಲೇ ಕುಡಿದುಬಿಡಿ" ಎನ್ನುತ್ತಿದ್ದಳು. ಒಲೆಯ ಮೇಲೆ ಅನ್ನ ತಳ ಹಿಡಿದರೆ ನಲ್ಲಿಯ ಹತ್ತಿರದಿಂದಲೇ ಕೂಗುತ್ತಿದ್ದಳು. ಅವಳಪ್ಪ ಬದುಕಿದ್ದಾಗ ಕುಡಿದು ಬಂದು, ಬಾಗಿಲ ಹೊರಗೆ ನಿಂತು ಕಳ್ಳನಂತೆ ಏಲಕ್ಕಿ ಜಗಿಯುತ್ತಿದ್ದ. ಇವಳು ಒಳಗಿನಿಂದಲೇ, "ಏಲಕ್ಕಿ ಸಾಲಲ್ಲ ಅಪ್ಪ, ಇನ್ನೆರಡು ಹಾಕ್ಕೋ" ಎನ್ನುತ್ತಿದ್ದಳು. ಅವನು ಹೊರಗೇ ಕುಳಿತು ನಗುತ್ತಿದ್ದ.

ಅತ್ತೆ ಅವಳಿಗೆ ಮೂಗಿ ಎಂದು ಹೆಸರಿಟ್ಟಳು. ಮೂಗಿರುವವಳು ಮೂಗಿ.

"ಮೂಗಿ ಅಂದ್ರೆ ಮಾತು ಬಾರದವಳು ಅಂತ ಅರ್ಥ ಅಜ್ಜಿ. ಬೇರೆ ಹೆಸರಿಡು" ಎಂದು ಮಗಳು ಜಗಳಕ್ಕೆ ನಿಲ್ಲುತ್ತಿದ್ದಳು.

"ನಾನು ಇಟ್ಟಿದ್ದು ನಿನ್ನ ಮೂಗಿಗೆ. ನಿನ್ನ ಬಾಯಿಗೆ ಬೇರೆ ಹೆಸರಿಟ್ಟಿದೀನಿ. ಹೇಳ್ಲಾ, ಓಣಿಗೆಲ್ಲ ಕೇಳೋ ಹಾಗೆ?"

ಮನೆಯಲ್ಲಿ ಅವಳ ಬಾಯಿಗೆ ಬೀಗವಿರಲಿಲ್ಲ. ಹೊರಗಿನವರ ಮುಂದೆ ಮಾತ್ರ ತುಟಿ ಬಿಚ್ಚುತ್ತಿರಲಿಲ್ಲ. ಅದನ್ನು ಕಲಿಸಿದವಳು ನಾನು. ನಮ್ಮ ಓಣಿಯಲ್ಲಿ ಮಕ್ಕಳಿಗೆ ಮಾತು ಕಲಿಸಿದ ಕೈಯಲ್ಲೇ ಮಾತು ನುಂಗುವುದನ್ನೂ ಕಲಿಸುತ್ತೇವೆ.

ಬೇಸಿಗೆ ರಜೆ ಶುರುವಾದಾಗ ಒಂದು ಗಾಡಿ ಮೈಕು ಕಟ್ಟಿಕೊಂಡು ಬಂತು. ಊರಿನ ಹುಡುಗ ಹುಡುಗಿಯರಿಗೆ ಬೇಸಿಗೆ ಕೆಲಸ. ಊರಿನ ಸುಧಾರಣೆ ಊರಿನ ಯುವಕರ ಕೈಯಿಂದಲೇ. ಶಾಲೆಯ ಗೋಡೆಗೆ ಬಣ್ಣ, ರಸ್ತೆಯ ಬದಿಗೆ ಗಿಡ, ವಾಚನಾಲಯದ ದುರಸ್ತಿ, ಚರಂಡಿಯ ಸ್ವಚ್ಛತೆ. ಗಾಡಿ ಮೇಲಿನ ಬೀದಿಯಲ್ಲಿ ನಿಂತು ನಿಂತು ಕೂಗಿತು. ನಮ್ಮ ಓಣಿಯ ಬಾಯಿಗೆ ಬಂದು ತಿರುಗಿಸಿಕೊಂಡು ಹೋಯಿತು. ಚಕ್ರಕ್ಕೆ ಕೊಳೆ ಹತ್ತುತ್ತದಲ್ಲ. ಆದರೆ ಮೈಕಿನ ದನಿಯನ್ನು ತಿರುಗಿಸಿಕೊಂಡು ಹೋಗಲು ಬರುವುದಿಲ್ಲ. ಅದು ಒಳಗೆ ಬಂದೇ ಬಂತು.

ಮಗಳು ಆಗಷ್ಟೇ ಹನ್ನೆರಡನೇ ತರಗತಿ ಮುಗಿಸಿದ್ದಳು. ವಾಚನಾಲಯ ಎಂದದ್ದೊಂದೇ ಅವಳ ಕಿವಿಗೆ ಬಿದ್ದದ್ದು. ಮೇಲಿನ ಬೀದಿಯ ಕೊನೆಯಲ್ಲಿ ಒಂದು ಹಳದಿ ಕಟ್ಟಡ. ಬಾಗಿಲಲ್ಲಿ ಒಬ್ಬ ಕಾವಲುಗಾರ. ನಮ್ಮ ಓಣಿಯ ಮಕ್ಕಳು ಹೋದರೆ, "ಕಾಲು ತೊಳ್ಕೊಂಡು ಬಾ" ಎನ್ನುತ್ತಾನೆ. ತೊಳೆದುಕೊಂಡು ಹೋದರೆ, "ಸೋಪು ಹಾಕಿ ತೊಳ್ಕೊಂಡು ಬಾ" ಎನ್ನುತ್ತಾನೆ. ಸೋಪು ಹಾಕಿ ಹೋದರೆ ಬಾಗಿಲು ಹಾಕುವ ಹೊತ್ತಾಗಿರುತ್ತದೆ. ಮಗಳು ಬಾಗಿಲಿನ ಆಸೆ ಬಿಟ್ಟು ಹಿಂದಿನ ಕಿಟಕಿ ಹಿಡಿದಿದ್ದಳು. ಕಂಬಿಗೆ ಮುಖ ಒತ್ತಿ ನಿಂತು ಒಳಗಿನ ಗಾಳಿ ಎಳೆದುಕೊಂಡು ಬರುತ್ತಿದ್ದಳು.

"ಹೊಸ ಪುಸ್ತಕಕ್ಕೆ ಒಂದು ವಾಸನೆ, ಹಳೇದಕ್ಕೆ ಇನ್ನೊಂದು ಅಮ್ಮ. ಹೊಸದು ಈಗಷ್ಟೇ ಸುಣ್ಣ ಹೊಡೆದ ಗೋಡೆ ಥರ. ಹಳೇದು ನೆನೆದು ಒಣಗಿದ ಮರದ ಥರ."

"ತಿನ್ನೋ ವಸ್ತು ಥರ ಯಾವುದೂ ಇಲ್ವಾ?" ಎಂದು ಅತ್ತೆ ಕೇಳುತ್ತಿದ್ದಳು.

ವಾಚನಾಲಯದ ಕೆಲಸ ಮಾಡಿದವರಲ್ಲಿ ಒಬ್ಬರನ್ನು ಬೇಸಿಗೆ ಕಳೆದ ಮೇಲೂ ಸಹಾಯಕರಾಗಿ ಇಟ್ಟುಕೊಳ್ಳುತ್ತೇವೆ ಎಂದಿತ್ತು ಮೈಕು. ನಮಗೆ ಬೇಕಾದದ್ದು ಅದೇ. ಆ ಕೆಲಸ ಸಿಕ್ಕರೆ ನಮ್ಮ ಮನೆಯಲ್ಲಿ ಚರಂಡಿ ನನ್ನ ತಲೆಗೇ ಮುಗಿಯುತ್ತಿತ್ತು. ಸಿಗದಿದ್ದರೆ ಬಕೆಟ್ಟು ಕಾಯುತ್ತಿತ್ತು. ಚರಂಡಿ ಕೆಲಸದವರಾದ ನಮ್ಮನ್ನೆಲ್ಲ ಆಳುವ ಮೇಸ್ತ್ರಿ ಆಗಲೇ ಹೇಳಿದ್ದ, "ಮಗಳು ಬೆಳೆದಿದಾಳಂತಲ್ಲ, ಅವಳಿಗೂ ಒಂದು ಜಾಗ ಇಟ್ಟಿರ್ತೀನಿ ಬಿಡು" ಎಂದು. ಮದುವೆಗೆ ಬಂಗಾರ ಕೊಡುವವನ ದನಿಯಲ್ಲಿ ಹೇಳಿದ್ದ.

ಯೋಜನೆಯ ಮೇಡಂ ನಗರದಿಂದ ಬಂದವರು. ಒಳ್ಳೆಯವರು. ಒಳ್ಳೆಯವರು ಎಂದರೆ ಗೊತ್ತಲ್ಲ, ನಮ್ಮನ್ನು ಕಂಡರೆ ಕಣ್ಣು ತುಂಬಿಕೊಳ್ಳುವವರು, ಆಮೇಲೆ ಕಣ್ಣು ಒರೆಸಿಕೊಂಡು ಗಾಡಿ ಹತ್ತುವವರು. ಯಾರಿಗೂ ಅನ್ಯಾಯವಾಗಬಾರದು ಎಂದು ಅವರು ಚೀಟಿ ಎತ್ತಿಸಿದರು. ಊರಿನ ಕಚೇರಿಯ ಅಂಗಳದಲ್ಲಿ ಒಂದು ಬಕೆಟ್ಟಿನ ತುಂಬ ಚೀಟಿ. ಮಗಳು ಕೈ ಹಾಕಿದಳು. ಬಿಡಿಸಿದಳು. ವಾಚನಾಲಯ. ಅವಳು ಆ ಚೀಟಿಯನ್ನು ಮೂಗಿಗೆ ಹಿಡಿದು ಮೂಸಿದಳು, ನಿಜವೋ ಸುಳ್ಳೋ ನೋಡುವವಳಂತೆ.

ಮೇಲಿನ ಬೀದಿಯ ಅಂಗಡಿಯವನ ಮಗನಿಗೆ ಚರಂಡಿ ಬಂತು. ಅಂಗಳವೆಲ್ಲ ಗೊಳ್ಳೆಂದು ನಕ್ಕಿತು. ಅವನೂ ನಕ್ಕ. ನಡೆಯಲಾರದ ಮಾತಿಗೆ ನಗುತ್ತಾರಲ್ಲ, ಹಾಗೆ.

ಬೇಲಿಯಾಚೆ ನಿಂತಿದ್ದ ಅತ್ತೆಗೆ ಹಿಗ್ಗು ತಡೆಯಲಾಗಲಿಲ್ಲ. "ಏ ಮೂಗಿ! ಏನು ಬಂತೇ?" ಎಂದು ಕೂಗಿದಳು. ಮಗಳು ಬಾಯಿ ಬಿಡದೆ ಚೀಟಿಯನ್ನು ಎತ್ತಿ ಆಡಿಸಿದಳು. ಮೇಡಂ ಪಕ್ಕದಲ್ಲೇ ಇದ್ದರು, ನಾಚಿಕೆ.

ಮೇಸ್ತ್ರಿ ನೋಡುತ್ತಿದ್ದ. ಮೂಗಿ ಎಂಬ ಕೂಗು ಕೇಳಿದ. ಬಾಯಿ ಬಿಡದೆ ಕೈಯಾಡಿಸುವ ಹುಡುಗಿಯನ್ನು ಕಂಡ. ನನ್ನ ಕಡೆ ತಿರುಗಿ, "ಅಯ್ಯೋ, ಮಾತು ಬರಲ್ವಾ ಪಾಪ?" ಎಂದ. ನಾನು ಉತ್ತರ ಹೇಳುವಷ್ಟರಲ್ಲಿ ಅವನು ಅಂಗಡಿಯವನ ಹತ್ತಿರ ಹೋಗಿ ನಿಂತಿದ್ದ. ನಮ್ಮ ಉತ್ತರಕ್ಕೆ ಕಾಯುವ ಪದ್ಧತಿ ಅವನಿಗೆ ಯಾವತ್ತೂ ಇರಲಿಲ್ಲ.

ಮಾರನೆಯ ಬೆಳಿಗ್ಗೆ ಮಗಳು ಯೋಜನೆಯವರು ಕೊಟ್ಟ ನೀಲಿ ಜಾಕೆಟ್ಟು ಹಾಕಿಕೊಂಡಳು. ಬೆನ್ನ ಮೇಲೆ 'ನಮ್ಮ ಊರು, ನಮ್ಮ ಕೈ' ಎಂದು ದಪ್ಪ ಅಕ್ಷರ. ಕಾಲಿಗೆ ಸೋಪು ಹಾಕಿ ಉಜ್ಜಿ ಉಜ್ಜಿ ತೊಳೆದಳು. ಓಣಿಯ ಬಾಯಲ್ಲಿ ಮೇಸ್ತ್ರಿ ನಿಂತಿದ್ದ.

"ಒಂದು ಸಣ್ಣ ಬದಲಾವಣೆ ಇದೆ ಕಣಮ್ಮಾ. ಅಂಗಡಿಯವರ ಹುಡುಗನಿಗೆ ಉಬ್ಬಸ. ಕೊಳೆ, ಧೂಳು ಅಂದ್ರೆ ಆಗಲ್ಲ. ಅವನು ವಾಚನಾಲಯಕ್ಕೆ ಹೋಗ್ಲಿ. ನಿನ್ನ ಮಗಳು ಚರಂಡಿ ನೋಡ್ಕೊಳ್ಲಿ."

"ಪುಸ್ತಕದಲ್ಲಿ ಧೂಳು ಇರಲ್ವಾ ಸ್ವಾಮಿ?" ಎಂದಳು ಅತ್ತೆ.

"ಅಜ್ಜಿ, ನೀನು ಒಳಗೆ ಹೋಗು."

"ಚೀಟೀಲಿ ಬಂದಿದ್ದಲ್ವಾ ಮೇಸ್ತ್ರಿ" ಎಂದೆ ನಾನು.

"ಚೀಟಿ ಆಟ, ಇದು ಕೆಲಸ. ಆ ಹುಡುಗ ಇಳಿದ್ರೆ ಮಧ್ಯಾಹ್ನದೊಳಗೆ ಮಲಗಿಬಿಡ್ತಾನೆ. ನಿಮಗಾದ್ರೆ ಅಭ್ಯಾಸ ಇದೆ."

ಅಭ್ಯಾಸ! ನಾನು ಏಳನೇ ತರಗತಿಯವರೆಗೆ ಊರ ಶಾಲೆಯಲ್ಲಿ ಓದಿದವಳು. ನಮ್ಮ ಪುಸ್ತಕದಲ್ಲಿ ಪ್ರತಿ ಪಾಠದ ಕೊನೆಗೂ ಅಭ್ಯಾಸ ಎಂದು ಬರೆದು ಕೆಳಗೆ ಪ್ರಶ್ನೆ ಕೊಡುತ್ತಿದ್ದರು. ಅಭ್ಯಾಸ ಎಂದರೆ ಓದು ಎಂದೇ ನಾನು ತಿಳಿದಿದ್ದೆ. ಮೇಲಿನ ಬೀದಿಯಲ್ಲಿ ಅದರ ಅರ್ಥ ಈಗಲೂ ಅದೇ. ಇಳಿಜಾರು ಇಳಿದು ನಮ್ಮ ಓಣಿಗೆ ಬರುವಷ್ಟರಲ್ಲಿ ಆ ಪದಕ್ಕೂ ಹೊಲಸು ಹತ್ತಿರುತ್ತದೆ. ನನ್ನ ಮಗಳು ಆವತ್ತಿನವರೆಗೆ ಒಂದು ದಿನವೂ ಚರಂಡಿಗೆ ಕಾಲಿಟ್ಟವಳಲ್ಲ. ಅಭ್ಯಾಸ ಇತ್ತಂತೆ ಅವಳಿಗೆ. ಹೊಟ್ಟೆಯಲ್ಲೇ ಕಲಿತು ಬಂದಳೋ ಏನೋ!

ಮಗಳು ಬಾಯಿ ತೆರೆದಳು. ನಾನು ಅವಳ ತೋಳು ಚಿವುಟಿದೆ, ಉಗುರು ಮೂಡುವ ಹಾಗೆ. ಅವಳು ಬಾಯಿ ಮುಚ್ಚಿದಳು.

"ಅಲ್ಲದೆ ಅಲ್ಲಿ ಬಂದೋರ ಹತ್ರ ಮಾತಾಡ್ಬೇಕಾಗುತ್ತೆ. ಮೂಗಿ ಏನು ಮಾಡ್ತಾಳೆ? ಮೇಡಂಗೂ ಹೇಳಿದೀನಿ. ಹೌದಾ ಪಾಪ ಅಂದ್ರು" ಎಂದ ಮೇಸ್ತ್ರಿ. ಆಮೇಲೆ ದನಿ ಇಳಿಸಿ, "ನಿನ್ನ ಕೆಲಸಾನೂ ನಡೀಬೇಕಲ್ಲಮ್ಮಾ" ಎಂದ.

ಅವನು ಹೋದ ಮೇಲೆ ಮಗಳು ತೋಳು ಉಜ್ಜಿಕೊಂಡಳು. "ಯಾಕೆ ಚಿವುಟಿದೆ? ನನಗೆ ಮಾತು ಬರುತ್ತೆ ಅಂತ ಹೇಳ್ತಿದ್ದೆ."

"ಬರುತ್ತೆ ಅಂದಿದ್ರೆ ಇನ್ನೊಂದು ನೆಪ ಹುಡುಕ್ತಿದ್ದ. ಅವರ ಹತ್ರ ನೆಪಕ್ಕೆ ಬರವಾ?"

"ಹಾಗಂತ ನಾನು ಮೂಗಿ ಆಗ್ಲಾ?"

"ಈ ಬೇಸಿಗೆ ಒಂದು ಆಗು" ಎಂದೆ.

ಅವಳು ಆದಳು.

ಚರಂಡಿ ಕೆಲಸ ಎಂದರೆ ಏನು ಎಂದು ಓದುವವರಿಗೆ ಹೇಳಬೇಕು. ಮೇಲಿನ ಬೀದಿಯ ಉದ್ದಕ್ಕೂ ಚರಂಡಿಯ ಮೇಲೆ ಕಲ್ಲು ಚಪ್ಪಡಿ ಹಾಸಿದ್ದಾರೆ. ಹಾರೆ ಹಾಕಿ ಚಪ್ಪಡಿ ಎಬ್ಬಿಸಬೇಕು. ಕೆಳಗೆ ಸೊಂಟದವರೆಗೆ ಹೂಳು. ಇಳಿದು ನಿಂತರೆ ಮೊದಲು ತಣ್ಣಗಿರುತ್ತದೆ, ಆಮೇಲೆ ಕಾಲು ಉರಿಯತೊಡಗುತ್ತದೆ. ಸಲಿಕೆಯಿಂದ ತುಂಬಿ ಬಕೆಟ್ಟನ್ನು ತಲೆಯ ಮೇಲೆತ್ತಿ ಹೊರಗೆ ಕೊಡಬೇಕು. ಎತ್ತುವಾಗ ಅದು ಅಂಚಿನಿಂದ ಸೋರಿ ಕೂದಲಿಗೆ, ಕಿವಿಗೆ, ರವಿಕೆಯೊಳಗೆ ಇಳಿಯುತ್ತದೆ. ಒರೆಸಿಕೊಳ್ಳಲು ಕೈ ಎಲ್ಲಿ? ಕೈಯಲ್ಲೂ ಅದೇ. ಒಳಗೆ ಗಾಜು ಇರುತ್ತದೆ, ಬ್ಲೇಡು ಇರುತ್ತದೆ, ಹೆಂಗಸರು ಸುತ್ತಿ ಎಸೆದ ಬಟ್ಟೆ ಇರುತ್ತದೆ. ಯೋಜನೆಯವರು ಬೂಟು ಕೊಟ್ಟಿದ್ದರು. ಗಂಡಸರ ಅಳತೆ. ಹೆಜ್ಜೆ ಎತ್ತಿದರೆ ಬೂಟು ಹೂಳಿನಲ್ಲೇ ಉಳಿದು ಕಾಲು ಮಾತ್ರ ಬರುತ್ತಿತ್ತು.

ಓಣಿಯ ಇನ್ನೂ ಕೆಲವು ಮಕ್ಕಳ ಚೀಟಿಯೂ ಹೀಗೇ ಚರಂಡಿಗೆ ತಿರುಗಿತ್ತು, ಅವರೂ ಇಳಿದರು. ಮೊದಲ ದಿನ ಮಗಳು ವಾಂತಿ ಮಾಡಿದಳು. ಹೊಟ್ಟೆಯಲ್ಲಿ ಏನೂ ಉಳಿಯದ ಮೇಲೂ ಮಾಡಿದಳು. ಅಂಥ ಮೂಗು ಹೊತ್ತವಳು! ನನಗೆ ಏನೂ ಇಲ್ಲದ ಕಡೆ ಅವಳಿಗೆ ಸಾವಿರ ಇದ್ದವು. ವಾಂತಿಯ ನಡುವೆ, ನನಗೆ ಮಾತ್ರ ಕೇಳುವಂತೆ, "ಇದು ಅಂಗಡಿಯವರ ಮನೇದು, ಇಲ್ಲಿ ಸೋಪಿದೆ. ಇದು ಆಸ್ಪತ್ರೇದು, ಇಲ್ಲಿ ಔಷಧಿ ಇದೆ" ಎನ್ನುತ್ತಿದ್ದಳು. ಊರಿನವರ ಹೊಟ್ಟೆ, ಬಚ್ಚಲು, ಕಾಯಿಲೆ ಎಲ್ಲವೂ ಅವಳ ಮೂಗಿನೊಳಗೆ ನುಗ್ಗುತ್ತಿತ್ತು. ನನ್ನ ಕೈಯಲ್ಲಿ ಏನಿತ್ತು? ಕೆಲಸ ಕಲಿಸಿದೆ. ಬಾಯಲ್ಲಿ ಉಸಿರಾಡು. ಕೆಳಗೆ ನೋಡಬೇಡ, ಬಕೆಟ್ಟಿನ ಹಿಡಿ ನೋಡು. ಉಗುರು ಬೋಳಾಗಿ ಕತ್ತರಿಸು. ಕೈಗೆ ಎಣ್ಣೆ ಹಚ್ಚಿಕೊಂಡು ಇಳಿ. ನನ್ನ ಅತ್ತೆ ನನಗೆ ಕಲಿಸಿದ್ದನ್ನೆಲ್ಲ ಅವಳಿಗೆ ಕಲಿಸಿದೆ.

ಅಂಗಡಿಯವನ ಮಗ ವಾಚನಾಲಯದ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಮೊಬೈಲು ನೋಡುತ್ತಿದ್ದ. ಒಮ್ಮೆ ಮೂಗಿಗೆ ಕರವಸ್ತ್ರ ಹಿಡಿದು ನಮ್ಮ ಹತ್ತಿರ ಬಂದ. ಮಗಳಿಗೆ ಕೈಸನ್ನೆಯಲ್ಲಿ, ನಿನಗೆ ನೀರು ಬೇಕಾ ಎಂದು ಕೇಳಿದ. ಬಾಟಲಿ ಎತ್ತಿ ತೋರಿಸಿದ, ಹೆಬ್ಬೆರಳನ್ನು ಬಾಯಿಗೆ ತೋರಿಸಿದ. ಪಾಪ, ಕೆಟ್ಟವನಲ್ಲ. ಮಗಳು ಹೂಂ ಎಂದು ತಲೆಯಾಡಿಸಿದಳು. ಅವನು ಬಾಟಲಿಯನ್ನು ದೂರದ ಕಲ್ಲಿನ ಮೇಲಿಟ್ಟು ಹೋದ. ಕೈಗೆ ಕೊಡಲಿಲ್ಲ.

ಕೊನೆಯ ದಿನದ ಕಾರ್ಯಕ್ರಮ ಹತ್ತಿರವಾಯಿತು. ದೊಡ್ಡವರು ಬರುತ್ತಾರೆ, ಅಷ್ಟರೊಳಗೆ ಹೂಳು ಕಾಣಬಾರದು ಎಂದು ಮೇಸ್ತ್ರಿ ಕುಣಿಯತೊಡಗಿದ. ಎಬ್ಬಿಸಲಾಗದ ಚಪ್ಪಡಿಗಳ ಕೆಳಗೆ ತೆವಳಿಕೊಂಡು ಹೋಗಿ ಕಸ ಎಳೆಯಬೇಕಿತ್ತು. ನನ್ನ ಮೈ ತೂರುತ್ತಿರಲಿಲ್ಲ. ಮಗಳು ತೆಳ್ಳಗಿದ್ದಳು. ಅವಳು ಒಳಗೆ ಹೋದಳು. ಇವಳು ಒಳಗಿದ್ದಾಗಲೇ ಮೇಲಿನ ತುದಿಯಲ್ಲಿ ಮೇಸ್ತ್ರಿಯ ಆಳುಗಳು ಬಿಳಿ ಪುಡಿಯನ್ನು ಮೂಟೆಗಟ್ಟಲೆ ಸುರಿದರು. ಅದರ ಮೇಲೆ ಕಕ್ಕಸು ತೊಳೆಯುವ ಆಸಿಡ್ಡು ಸುರಿದರು. ಬೇಗ ಬೆಳ್ಳಗಾಗಲಿ ಎಂದು. ಒಳಗೆ ಯಾರಿದ್ದೀರಿ ಎಂದು ಕೇಳಲಿಲ್ಲ. ಒಳಗಿದ್ದವಳು ಕೂಗಲಿಲ್ಲ. ಮೂಗಿ ತಾನೆ! ನಾನು ಹೇಳಿದ್ದನ್ನು ಅವಳು ಅಲ್ಲಿಯೂ ಪಾಲಿಸಿದಳು.

ಚಪ್ಪಡಿಯ ಸಂದಿಯಿಂದ ಹಳದಿ ಹೊಗೆ ಏಳುವುದನ್ನು ನಾನು ಕಣ್ಣಿಂದ ನೋಡಿದೆ. ಕಾಲು ಹಿಡಿದು ಎಳೆದೆ. ಕಣ್ಣು ಕೆಂಡವಾಗಿತ್ತು. ಮೂಗಿನಿಂದ ರಕ್ತ ಸುರಿಯುತ್ತಿತ್ತು. ಉಸಿರು ಕೊಳಲಿನ ಹಾಗೆ ಊದುತ್ತಿತ್ತು.

"ಮುಖ ತೊಳ್ಸಮ್ಮಾ, ಸರಿಹೋಗುತ್ತೆ" ಎಂದ ಮೇಸ್ತ್ರಿ. ನೀರಿನ ಬಾಟಲಿಯನ್ನು ಕಾಲಿನಿಂದ ನಮ್ಮ ಕಡೆ ತಳ್ಳಿದ.

ಮರುದಿನ ಕೆಮ್ಮುತ್ತಲೇ ಕೆಲಸಕ್ಕೆ ಬಂದಳು. ಸಂಜೆ ಮನೆಗೆ ಬಂದು ಊಟಕ್ಕೆ ಕುಳಿತಾಗ ಅವಳ ಮುಖ ಅರಳಿತ್ತು.

"ಅಮ್ಮ, ಇವತ್ತು ವಾಸನೆ ಬರ್ಲೇ ಇಲ್ಲ! ಒಂದು ಚೂರೂ ಇಲ್ಲ. ನನಗೂ ಅಭ್ಯಾಸ ಆಯ್ತು ಅನ್ಸುತ್ತೆ."

ಎಷ್ಟೋ ದಿನದ ಮೇಲೆ ಅವಳು ಹೊಟ್ಟೆ ತುಂಬ ಉಂಡಳು. ಎರಡನೇ ಸಲ ಹಾಕಿಸಿಕೊಂಡಳು. ಸುಳ್ಳು ಯಾಕೆ ಹೇಳಲಿ, ನನಗೆ ಖುಷಿಯಾಯಿತು. ಅತ್ತೆ ಮಾತ್ರ ತುತ್ತನ್ನು ಬಾಯಿಯ ಹತ್ತಿರವೇ ಹಿಡಿದು ಅವಳನ್ನು ನೋಡುತ್ತ ಕುಳಿತಳು.

ಅಷ್ಟರಲ್ಲಿ ಬಾಗಿಲಲ್ಲಿ ಸೊಪ್ಪು ಮಾರುವವಳು ಬುಟ್ಟಿ ಇಳಿಸಿ ಕೂಗಿದಳು. ಪಕ್ಕದ ಊರಿನವಳು, ವಾರಕ್ಕೊಮ್ಮೆ ಬರುವವಳು.

"ಏನ್ರೇ, ಮೂವರೂ ಕೂತು ಉಣ್ತಾ ಇದೀರಿ! ಒಲೆ ಮೇಲೆ ಪಾತ್ರೆ ಕರಕಲಾಗಿ ಬೀದಿಗೆಲ್ಲ ಘಾಟು ಬರ್ತಿದೆ. ಮನೇಲಿ ಒಬ್ಬರಿಗೂ ಮೂಗಿಲ್ವಾ?"

ನಾನು ಎದ್ದು ಒಲೆಯ ಹತ್ತಿರ ಹೋದೆ. ಹಾಲು ಉಕ್ಕಿ, ಬತ್ತಿ, ತಳದಲ್ಲಿ ಕಪ್ಪಾಗಿ ಹೊಗೆಯಾಡುತ್ತಿತ್ತು. ಮಗಳು ಅದಕ್ಕೆ ಬೆನ್ನು ಕೊಟ್ಟು, ಒಂದು ಮಾರು ದೂರದಲ್ಲಿ ಕುಳಿತಿದ್ದಳು. ಅವಳ ಕೈ ತಟ್ಟೆಯಲ್ಲೇ ನಿಂತಿತು.

ಅತ್ತೆ ನಿಂಬೆಹಣ್ಣು ಹೆಚ್ಚಿ ಅವಳ ಮೂಗಿಗೆ ಹಿಡಿದಳು. "ಬಂತಾ?"

"ಇಲ್ಲ ಅಜ್ಜಿ."

ಸೋಪು. ಇಲ್ಲ. ಸೀಮೆಎಣ್ಣೆಯ ಬುಡ್ಡಿ. ಇಲ್ಲ. ಅವಳಪ್ಪನ ಡಬ್ಬಿಯಲ್ಲಿ ಉಳಿದಿದ್ದ ಏಲಕ್ಕಿಯನ್ನು ಅತ್ತೆ ಹಲ್ಲಿನಲ್ಲಿ ಕಚ್ಚಿ ಹಿಡಿದಳು. ಮಗಳು ಅದನ್ನು ಕಸಿದುಕೊಂಡು ಮೂಗಿನೊಳಗೇ ಒತ್ತಿಕೊಂಡಳು. ಒತ್ತಿಕೊಂಡೇ ಅಳತೊಡಗಿದಳು.

ಆಸ್ಪತ್ರೆಯ ಡಾಕ್ಟರು ಮಾರು ದೂರದಿಂದಲೇ ಟಾರ್ಚು ಬಿಟ್ಟು ನೋಡಿದರು. "ವಾಪಸ್ ಬರಬಹುದು. ಬರದೇನೂ ಇರಬಹುದು. ಮತ್ತೆ ಅಲ್ಲಿ ಇಳೀಬಾರದು" ಎಂದರು. ನಾನು ಮೇಸ್ತ್ರಿಗೆ ಹೇಳಿದೆ. ಅವಳ ಪಾಲಿನದನ್ನೂ ನಾನೇ ಇಳಿದು ಮಾಡುತ್ತೇನೆ ಎಂದೆ.

"ನೀನು ಇಳಿದ್ರೆ ಏನು ಬಂತು? ಮುದುಕಿ ಫೋಟೋ ಯಾರಿಗೆ ಬೇಕು? ನೀಲಿ ಜಾಕೆಟ್ಟಿನವರು ಕಾಣಬೇಕು. ನಾಳೆ ಒಂದೇ ಒಂದು ಸಲ ಸಲಿಕೆ ಹಿಡಿದು ಚರಂಡೀಲಿ ನಿಲ್ಲಲಿ. ಆಮೇಲೆ ಮನೆಗೆ ಕರ್ಕೊಂಡು ಹೋಗು."

ಮರುದಿನ ಶಾಮಿಯಾನ ಹಾಕಿದ್ದರು. ಶಾಲೆಗೆ ಬಣ್ಣ ಹೊಡೆದ ಮಕ್ಕಳು ಮುಂದೆ, ಗಿಡ ನೆಟ್ಟವರು ಅವರ ಹಿಂದೆ. ವಾಚನಾಲಯದ ಬಾಗಿಲಿಗೆ ರಿಬ್ಬನ್ನು. ನಾವು ಹೋಗಿ ಹಿಂದಿನ ಸಾಲಿನ ಅಂಚಿಗೆ ನಿಂತೆವು. ಕುರ್ಚಿಯಲ್ಲಿದ್ದ ಹೆಂಗಸರು ಸೆರಗು ಮೂಗಿಗೆ ಹಿಡಿದರು. ಮೇಡಂ ಹತ್ತಿರ ಬಂದು, ಮೆಲ್ಲಗೆ, ಮಗುವಿಗೆ ಹೇಳುವಂತೆ ಹೇಳಿದರು: "ಸ್ವಲ್ಪ ಆಚೆ ನಿಂತ್ಕೊಳ್ತೀರಾಮ್ಮಾ? ತಪ್ಪು ತಿಳ್ಕೋಬೇಡಿ."

ನಾವು ಬೆಳಿಗ್ಗೆಯೇ ತಲೆಗೆ ನೀರು ಹಾಕಿಕೊಂಡು ಬಂದಿದ್ದೆವು. ಹೊಸ ಸೋಪು ಬಿಚ್ಚಿದ್ದೆವು.

ಮಗಳು ನನ್ನ ಕಿವಿಯ ಹತ್ತಿರ ಬಾಗಿದಳು. "ಅಮ್ಮ, ನಾನು ನಾರ್ತಾ ಇದೀನಾ?"

ನಾನು ಅವಳ ಕುತ್ತಿಗೆಗೆ ಮುಖ ಒತ್ತಿ ಮೂಸಿದೆ. ಕೂದಲು ಮೂಸಿದೆ, ಕೈ ಮೂಸಿದೆ. ಹೆತ್ತವಳು ನಾನು. ಹಸುಗೂಸಾಗಿದ್ದಾಗ ಅವಳ ನೆತ್ತಿಯ ವಾಸನೆ ಹೇಗಿತ್ತು ಎಂದೂ ನನಗೆ ಗೊತ್ತಿಲ್ಲ. ಆಗಲೇ ನನ್ನ ಮೂಗು ಹೋಗಿತ್ತು.

"ಗೊತ್ತಾಗ್ತಿಲ್ಲ ಮಗಳೇ" ಎಂದೆ.

ಅವಳು ನನ್ನನ್ನು ನೋಡಿದಳು. ಆಮೇಲೆ ನಡೆದಳು. ಕುರ್ಚಿಗಳ ನಡುವೆಯೇ ನಡೆದಳು. ವಾಚನಾಲಯದ ಮೆಟ್ಟಿಲು ಹತ್ತಿದಳು. ಕಾಲು ತೊಳ್ಕೊಂಡು ಬಾ ಎನ್ನಲು ಕಾವಲುಗಾರ ಬಾಯಿ ತೆರೆಯುವಷ್ಟರಲ್ಲಿ ರಿಬ್ಬನ್ನನ್ನು ಎದೆಯಿಂದಲೇ ತಳ್ಳಿಕೊಂಡು ಒಳಗೆ ಹೋದಳು. ನಾನು ಹಿಂದೆ ಓಡಿದೆ. ಹೊಸ ಪುಸ್ತಕಗಳನ್ನು ಮೇಜಿನ ಮೇಲೆ ಜೋಡಿಸಿದ್ದರು. ಅವಳು ಒಂದನ್ನು ತೆಗೆದು ನಡುವೆ ಬಿಡಿಸಿ ಮುಖವನ್ನು ಅದರೊಳಗೆ ಹುದುಗಿಸಿದಳು. ಉಸಿರು ಎಳೆದಳು. ಇನ್ನೊಂದು ಪುಸ್ತಕ. ಮತ್ತೊಂದು. ಬರುಬರುತ್ತ ಪುಸ್ತಕವನ್ನು ಮೂಗಿಗೆ ಉಜ್ಜತೊಡಗಿದಳು.

ಮೇಸ್ತ್ರಿ ನುಗ್ಗಿದ. ಹಿಂದೆ ಮೇಡಂ, ಅವರ ಹಿಂದೆ ಕ್ಯಾಮೆರಾದವನು. ಮೇಸ್ತ್ರಿ ಕೈಯೆತ್ತಿ, ಕೆಪ್ಪರಿಗೆ ಮೂಗರಿಗೆ ತೋರಿಸುವಂತೆ ತೋರಿಸಿದ. ಹೊರಗೆ ಬಾ. ಚರಂಡಿ. ಸಲಿಕೆ. ಫೋಟೋ.

"ಇಳಿಯಲ್ಲ" ಎಂದಳು ಮಗಳು.

ಮೇಸ್ತ್ರಿಯ ಕೈ ಗಾಳಿಯಲ್ಲೇ ನಿಂತಿತು. "ಏ... ಇವಳಿಗೆ ಮಾತು ಬರುತ್ತಲ್ಲ!"

"ಬರುತ್ತೆ ಮೇಸ್ತ್ರಿ. ನೀನು ಕೇಳಲೇ ಇಲ್ಲ."

ನೀನು! ನಮ್ಮ ಓಣಿಯಲ್ಲಿ ಯಾರೂ ಅವನನ್ನು ಹಾಗೆ ಕರೆದವರಿಲ್ಲ.

"ಮಾತು ಬರೋದಾದ್ರೆ ಮೊದಲೇ ಯಾಕಮ್ಮಾ ಹೇಳ್ಲಿಲ್ಲ?" ಎಂದರು ಮೇಡಂ. ಕಣ್ಣು ತುಂಬಿಕೊಳ್ಳಲು ಶುರುವಾಗಿತ್ತು.

"ಚೀಟಿ ನನ್ನ ಕೈಯಲ್ಲಿತ್ತು ಮೇಡಂ. ನೀವೇ ಎತ್ತಿಸಿದ್ದು. ಅದಕ್ಕಿಂತ ಜೋರಾಗಿ ಇನ್ನೇನು ಹೇಳ್ಬೇಕಿತ್ತು?" ಅವಳು ಪುಸ್ತಕವನ್ನು ಮೇಡಂ ಮುಖಕ್ಕೆ ಹಿಡಿದಳು. "ಮೂಸಿ. ಮೂಸಿ ಹೇಳಿ, ಹೇಗಿದೆ?"

ಮೇಡಂ ಮೂಸಿದರು. "ಹೊಸದು... ಹೊಸ ಕಾಗದದ ವಾಸನೆ."

"ನನಗಿಲ್ಲ. ನಿಮ್ಮ ಕೆಲಸಕ್ಕೆ ಬಂದಾಗ ಇತ್ತು."

ಕ್ಯಾಮೆರಾದವನು ಕ್ಯಾಮೆರಾ ಇಳಿಸಿದ. ಮೇಸ್ತ್ರಿ ನನ್ನ ಕಡೆ ತಿರುಗಿದ. "ಕರ್ಕೊಂಡು ಹೋಗಿ ಇಳಿಸು. ಇಲ್ಲಾಂದ್ರೆ ನಾಳೆಯಿಂದ ನೀನೂ ಬರಬೇಡ."

ನನ್ನ ಕೈ ಅವಳ ತೋಳಿನ ಕಡೆ ಹೋಯಿತು. ಚಿವುಟಿದ ಕಡೆ ಉಗುರಿನ ಕಲೆ ಇನ್ನೂ ಉಳಿದಿತ್ತು. ನಾನು ಅವಳ ಜಾಕೆಟ್ಟು ಬಿಚ್ಚಿದೆ. ಮೇಸ್ತ್ರಿಯ ಹೆಗಲ ಮೇಲೆ ಹಾಕಿದೆ.

"ನಮ್ಮ ಊರು, ನಮ್ಮ ಕೈ ಅಂತಿದೆಯಲ್ಲ. ಇಷ್ಟು ದಿನ ನಮ್ಮ ಕೈ ನೋಡಿದ್ರಿ. ಇವತ್ತು ನಿನ್ನ ಕೈ ತೋರಿಸು, ನೋಡೋಣ. ಇಳಿ."

ಅವನು ಜಾಕೆಟ್ಟನ್ನು ಹಾವು ಬಿದ್ದಂತೆ ಕೊಡವಿಕೊಂಡ.

ಆ ಸಂಜೆ ನಮ್ಮ ಓಣಿಯ ಮನೆಮನೆಯಲ್ಲೂ ತಾಯಂದಿರು ಮಕ್ಕಳನ್ನು ಹೊಸ್ತಿಲಲ್ಲಿ ಕೂರಿಸಿಕೊಂಡು ಮೂಗಿಗೆ ನಿಂಬೆಹಣ್ಣು ಹಿಡಿದರು. ಬಂತಾ? ಬಂತಾ? ಓಣಿಯುದ್ದಕ್ಕೂ ಅದೇ ಮಾತು. ಬೇಸಿಗೆಗೆ ಚರಂಡಿಗೆ ಇಳಿದಿದ್ದ ನಮ್ಮವರ ಮಕ್ಕಳಲ್ಲಿ ಬಂತು ಎನ್ನುವವರು ಕಡಿಮೆಯಿದ್ದರು. ಮರುದಿನ ಯಾರೂ ಬಕೆಟ್ಟು ಎತ್ತಲಿಲ್ಲ. ಯಾರೂ ಯಾರಿಗೂ ಎತ್ತಬೇಡ ಎಂದು ಹೇಳಿಕೊಟ್ಟಿರಲಿಲ್ಲ.

ಇದನ್ನು ದೊಡ್ಡ ಗೆಲುವು ಎಂದು ಬರೆಯಲು ನನ್ನ ಕೈ ಏಳುವುದಿಲ್ಲ. ಓಣಿಗೆ ಹಸಿವು ಬಂತು. ಅಂಗಡಿಯವನು ಸಾಲಕ್ಕೆ ದಿನಸಿ ಕೊಡುವುದನ್ನು ನಿಲ್ಲಿಸಿದ. "ನಿನ್ನ ಮಗಳು ಬಾಯಿ ಬಿಟ್ಟಳು, ನಾವು ಬಾಯಿ ಕಟ್ಟಿದ್ವಿ" ಎಂದು ನೆರೆಯವಳು ನಲ್ಲಿಯ ಹತ್ತಿರ ನನಗೆ ಕೇಳಿಸುವಂತೆಯೇ ಅಂದಳು. ಅಂದವಳೂ ಬಕೆಟ್ಟು ಎತ್ತಲಿಲ್ಲ. ಮೇಡಂ ಗಾಡಿ ಹತ್ತಿದರು. ವಾಚನಾಲಯದ ಕೆಲಸ ಯಾರಿಗೆ ಸಿಕ್ಕಿತು ಎಂದು ಹೇಳಬೇಕೇ?

ಮೇಲಿನ ಬೀದಿಯಲ್ಲಿ ಚರಂಡಿ ಕಟ್ಟಿಕೊಂಡಿತು. ಚಪ್ಪಡಿಯ ಸಂದಿಯಿಂದ ಉಕ್ಕಿ ಅವರ ಮೆಟ್ಟಿಲಿಗೆ ಬಂತಂತೆ, ಹೊಸ ಬಣ್ಣದ ಶಾಲೆಯ ಅಂಗಳಕ್ಕೂ ಬಂತಂತೆ. ಒಂದು ಮಧ್ಯಾಹ್ನ ಮೇಸ್ತ್ರಿ ನಮ್ಮ ಬಾಗಿಲಿಗೆ ಬಂದ. ಮುಖಕ್ಕೆ ಎರಡು ಸುತ್ತು ಟವೆಲು ಕಟ್ಟಿದ್ದ. ಕಣ್ಣಲ್ಲಿ ನೀರು.

"ಇಡೀ ಬೀದಿ ನಾರ್ತಾ ಇದೆಯಮ್ಮಾ. ಉಣ್ಣೋಕಾಗಲ್ಲ, ಮಲಗೋಕಾಗಲ್ಲ. ಮಕ್ಕಳು ವಾಂತಿ ಮಾಡ್ಕೊಳ್ತಿದಾರೆ. ಇಲ್ಲೀವರೆಗೂ ಹೊಡೀತಿದೆ. ನಿಮಗೆ ವಾಸನೆ ಬರ್ತಿಲ್ವಾ?"

ನಾನು ಬಾಯಿ ತೆರೆಯುವ ಮುಂಚೆಯೇ ಒಳಗಿನಿಂದ ಮಗಳು ಹೇಳಿದಳು.

"ಇಲ್ಲ. ನಮಗೆ ಅಭ್ಯಾಸ ಇದೆ. ನೀವೂ ಮಾಡ್ಕೊಳ್ಳಿ."

ಅತ್ತೆ ಕೆಮ್ಮು ಬರುವವರೆಗೆ ನಕ್ಕಳು. ಮೇಸ್ತ್ರಿ ಟವೆಲಿನ ಹಿಂದೆ ಏನೋ ಬೈದು ಹೋದ. ನಾನು ಬಾಗಿಲು ಮುಚ್ಚಿದೆ.

ಮಗಳು ಗೋಡೆಗೆ ಒರಗಿ ಕುಳಿತಿದ್ದಳು. ಒಣಗಿದ ನಿಂಬೆಯ ಹೋಳನ್ನು ಮೂಗಿಗೆ ಹಿಡಿದು, ಕಣ್ಣು ಮುಚ್ಚಿ, ಹಿಂದೆ ಆ ಕಿಟಕಿಯ ಹತ್ತಿರ ಎಳೆಯುತ್ತಿದ್ದಳಲ್ಲ, ಹಾಗೆ ಉಸಿರು ಎಳೆಯುತ್ತಿದ್ದಳು.

"ಬಂತಾ?" ಎಂದೆ.

ಅವಳು ಇನ್ನೊಂದು ಸಲ ಎಳೆದಳು. ಒಲೆಯ ಮೇಲೆ ಏನೂ ಇರಲಿಲ್ಲ. ಸೀಯುವ ಭಯವಿರಲಿಲ್ಲ.